ಒಂಬತ್ತು ತಂಡ, ಒಂದು ತಲೆ

ಡೆಲ್ವಿನ್ ಪ್ರುಡೊಮ್‌ನನ್ನು ಹನ್ನೊಂದು ವರ್ಷದಲ್ಲಿ ಒಂಬತ್ತು ಅಮೆರಿಕನ್ ಫುಟ್‌ಬಾಲ್ ತಂಡಗಳು ಕರೆದುಕೊಂಡವು, ಎಂಟು ತಂಡಗಳು ಹೊರಗೆ ಹಾಕಿದವು. ನಮ್ಮೂರು ಒಪೆಲೂಸಾದಲ್ಲಿ ಈ ಲೆಕ್ಕ ಹೇಳಿ ಹಲ್ಲು ಕಿಸಿಯುವವರಿದ್ದಾರೆ. ಕಿಸಿಯಲಿ ಬಿಡಿ. ಮುನ್ನೂರು ಪೌಂಡಿನ ಆಳೊಬ್ಬ ಓಡಿಬಂದು ಎದೆಗೆ ಗುದ್ದಿದರೆ ಆ ಹಲ್ಲುಗಳಲ್ಲಿ ಎಷ್ಟು ಉಳಿಯುತ್ತವೋ ನೋಡಬೇಕು.

ಡೆಲ್ವಿನ್ ಆಡುತ್ತಿದ್ದ ಜಾಗಕ್ಕೆ ಟೈಟ್ ಎಂಡ್ ಎನ್ನುತ್ತಾರೆ. ಸಾಲಿನ ತುದಿಯಲ್ಲಿ ನಿಲ್ಲುವವನು. ಸಾಲಿನ ನಡುವೆ ನಿಲ್ಲುವ ಆನೆಗಾತ್ರದವರು ಗುದ್ದಿದರೆ ಸಾಕು, ಚೆಂಡಿನ ಗೋಜಿಲ್ಲ. ಹೊರಗೆ ಓಡುವ ಚುರುಕಿನವರು ಚೆಂಡು ಹಿಡಿದರೆ ಸಾಕು, ಗುದ್ದಾಟದ ಗೋಜಿಲ್ಲ. ತುದಿಯವನ ಹಣೆಬರಹದಲ್ಲಿ ಮಾತ್ರ ಎರಡೂ. ಮೊದಲು ತನ್ನ ಒಂದೂವರೆ ಪಟ್ಟು ತೂಕದವನನ್ನು ಗುದ್ದಿ ಬೀಳಿಸಬೇಕು, ಆಮೇಲೆ ಓಡಿಹೋಗಿ ಚೆಂಡು ಹಿಡಿಯಬೇಕು, ಹಿಡಿದ ಮರುಕ್ಷಣ ಮೂರು ಜನರಿಂದ ಒದೆ ತಿನ್ನಬೇಕು. ಅದರಲ್ಲೂ ಡೆಲ್ವಿನ್‌ಗೆ ಚೆಂಡು ಎಸೆಯುತ್ತಿದ್ದುದೇ ಅಪರೂಪ. ಗುದ್ದುವುದಕ್ಕೆಂದೇ ಅವನನ್ನು ಇಟ್ಟುಕೊಳ್ಳುತ್ತಿದ್ದರು. ಯಾವ ತಂಡದಲ್ಲೂ ಅವನು ಮೊದಲನೆಯ ಆಳಲ್ಲ. ಮೊದಲನೆಯವನ ಮಂಡಿ ಮುರಿದರೆ ಇರಲಿ ಎಂದು ಇಟ್ಟುಕೊಂಡ ಎರಡನೆಯವನು, ಕೆಲವೆಡೆ ಮೂರನೆಯವನು.

ಅಂಥವನು ಹನ್ನೊಂದು ವರ್ಷ ಉಳಿದದ್ದು ತಲೆಯ ಬಲದಿಂದ. ಪ್ರತಿ ತಂಡಕ್ಕೂ ಅದರದೇ ಆಟದ ಪುಸ್ತಕ ಇರುತ್ತದೆ, ಅದರದೇ ಸಂಖ್ಯೆ, ಅದರದೇ ಸನ್ನೆ. ಉಳಿದವರು ಒಂದು ಪುಸ್ತಕ ಕಲಿಯಲು ತಿಂಗಳು ತೆಗೆದುಕೊಂಡರೆ ಡೆಲ್ವಿನ್‌ಗೆ ನಾಲ್ಕು ದಿನ ಸಾಕು. ಮಂಗಳವಾರ ಫೋನ್ ಮಾಡಿ ಕರೆಸಿದರೆ ಭಾನುವಾರದ ಪಂದ್ಯಕ್ಕೆ ಇಡೀ ಪುಸ್ತಕ ಬಾಯಿಪಾಠ. ಸಾಲಿನಲ್ಲಿ ನಿಂತಾಗ ಪಕ್ಕದವನಿಗೂ ಇವನೇ ಪಿಸುಗುಟ್ಟುತ್ತಿದ್ದ, "ಲೋ, ನೀನು ಆ ಕಡೆ ಹೋಗ್ಬೇಕು ಕಣೋ, ಮರೆತ್ಯಾ?" ಎಂದು.

ಆದರೆ ಆ ತಲೆಯ ನಿಜವಾದ ಶಕ್ತಿ ಎಷ್ಟೆಂದು ಯಾವ ತಂಡದ ದಾಖಲೆಯಲ್ಲೂ ಇರಲಿಲ್ಲ. ಅದಕ್ಕೆ ಕಾರಣ ಹೊರೇಸ್ ಟಿಬ್ಸ್.

ಹೊರೇಸ್ ಟಿಬ್ಸ್ ಮೊದಲ ತಂಡದಲ್ಲಿದ್ದ ಹಳೇ ಹುಲಿ. ಹನ್ನೆರಡು ವರ್ಷ ಸಾಲಿನ ನಡುವೆ ನಿಂತು ಗುದ್ದಾಡಿದವನು, ಕೈಯ ಹತ್ತು ಬೆರಳು ಹತ್ತು ದಿಕ್ಕಿಗೆ ತಿರುಗಿದ್ದವು. ಡೆಲ್ವಿನ್‌ನ ಮೊದಲ ಆಗಸ್ಟ್‌ನಲ್ಲಿ, ಬೆಳಗಿನ ತಿಂಡಿಯ ಸಾಲಿನಲ್ಲಿ, ತಟ್ಟೆ ತುಂಬ ಮೊಟ್ಟೆ ಬಡಿಸಿಕೊಳ್ಳುತ್ತ ಕೇಳಿದ.

"ಇವತ್ತು ತಲೆ ಪರೀಕ್ಷೆ, ಗೊತ್ತಾ? ನೀನು ಓದ್ಕೊಂಡಿರೋ ಹುಡುಗ ಅಂತೆ."

"ಹೂಂ ಅಣ್ಣ. ಪರೀಕ್ಷೆ ಅಂದ್ರೆ ನಂಗೇನು ಭಯ ಇಲ್ಲ."

"ಹಾಗಾದ್ರೆ ಕೆಟ್ಟೆ ಬಿಡು. ಇವತ್ತು ಬಂದ ಅಂಕ ಬರೆದಿಟ್ಕೋತಾರೆ. ನಾಳೆ ಯಾವನೋ ಗುದ್ದಿ ನಿನ್ನ ತಲೆ ಗಿರ್ ಅಂದಾಗ ಮತ್ತೆ ಅದೇ ಪರೀಕ್ಷೆ ಕೊಡ್ತಾರೆ. ಅಂಕ ಇಳಿದ್ರೆ ಬೆಂಚು. ಬೆಂಚಲ್ಲಿ ಕೂತವನ ಜಾಗಕ್ಕೆ ಇನ್ನೊಬ್ಬ. ಆಮೇಲೆ ಗಂಟುಮೂಟೆ ಕಟ್ಟು, ಮನೆಗೆ ಹೊರಡು."

"ಮತ್ತೇನ್ ಮಾಡ್ಲಿ?"

"ಮೇಲಿದ್ರೆ ತಾನೆ ಇಳಿಯೋದು? ನೆಲದ ಮೇಲೆ ಮಲಗಿದವನು ಮಂಚದಿಂದ ಬೀಳಲ್ಲ. ಮೂರಕ್ಕೆ ಎರಡು ತಪ್ಪು ಮಾಡು. ಪೂರ್ತಿ ಪೆದ್ದ ಆಗ್ಬೇಡ ಮತ್ತೆ, ಕಂಪ್ಯೂಟರ್ ಹಿಡಿದುಬಿಡುತ್ತೆ. ಉಪ್ಪು ಹಾಕ್ದಂಗೆ, ನೋಡ್ಕೊಂಡು ಹಾಕು."

ಡೆಲ್ವಿನ್ ನೋಡಿಕೊಂಡು ಹಾಕಿದ. ನೂರಕ್ಕೆ ನಲವತ್ತೊಂದು ಬಂತು. ವೈದ್ಯರು ಹುಬ್ಬು ಹಾರಿಸಿ, ಆಟಗಾರ ತಾನೆ, ಇಷ್ಟೇ ಇರಬೇಕು ಎಂದುಕೊಂಡು ಬರೆದುಕೊಂಡರು. ಅಲ್ಲಿಂದ ಮುಂದೆ ಯಾವ ತಂಡಕ್ಕೆ ಹೋದರೂ ನಲವತ್ತು, ನಲವತ್ತೊಂದು, ನಲವತ್ತೆರಡು. ಒಂದು ತಂಡದಿಂದ ಇನ್ನೊಂದಕ್ಕೆ ಅವನ ಹಿಂದೆಯೇ ಆ ಕಡತವೂ ಹೋಗುತ್ತಿತ್ತು. ಇಷ್ಟು ಜಾಣತನದಿಂದ ದಡ್ಡನಾಗುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ ಎಂದು ಹೆಂಡತಿ ಓಡೆಟ್ ಎದುರು ಜಂಬ ಕೊಚ್ಚುತ್ತಿದ್ದ. ಅವಳೂ ಮೊದಮೊದಲು ಬಿದ್ದು ಬಿದ್ದು ನಕ್ಕಳು. "ದಡ್ಡನ ವೇಷ ಹಾಕೋಕೆ ನಿಂಗೇನು ಕಷ್ಟ ಆಗಿರಲ್ಲ ಬಿಡು," ಎಂದಳು.

ಹೊಡೆತಗಳು ಮಾತ್ರ ಲೆಕ್ಕ ತಪ್ಪಲಿಲ್ಲ. ಎರಡನೇ ವರ್ಷ ಕೊರಳೆಲುಬು ಮುರಿಯಿತು. ಮೂರನೇ ವರ್ಷ, ಚೆಂಡಿಗೆ ಮುಗಿಬಿದ್ದವರ ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡಾಗ, ಯಾರೋ ಅವನ ಕಿರುಬೆರಳು ಹಿಡಿದು ಹಿಂದಕ್ಕೆ ಮುರಿದರು. ಇವನು ಅವನ ಮುಂಗೈ ಕಚ್ಚಿ ರಕ್ತ ಬರಿಸಿದ. ರಾಶಿಯ ಅಡಿಯಲ್ಲಿ ನಡೆಯುವುದು ರಾಶಿಯ ಅಡಿಯಲ್ಲೇ ಉಳಿಯಬೇಕು, ಇಬ್ಬರೂ ಎದ್ದು ಬೆನ್ನು ತಟ್ಟಿಕೊಂಡು ಹೋದರು. ಐದನೇ ವರ್ಷ ಎರಡು ಪಕ್ಕೆಲುಬು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಒಪೆಲೂಸಾದ ಅನ್ನ-ರಾಜ್ಮಾ ತಿನ್ನಿಸಿ ತಾಯಿ ಬೆಳೆಸಿದ ದೇಹವನ್ನು ಊರೂರಿನಲ್ಲಿ ನಿಮಿಷಕ್ಕೊಂದು ದೊಣ್ಣೆ ಬಂದು ಒಡೆಯಿತು.

ಆರನೇ ವರ್ಷದ್ದನ್ನು ಹೇಳಲೇಬೇಕು. ಉತ್ತರದ ಸರೋವರದ ದಂಡೆಯ ಊರು, ಡಿಸೆಂಬರ್, ಬಾಯಿಂದ ಬಂದ ಉಗುಳು ಗಡ್ಡದಲ್ಲೇ ಹೆಪ್ಪುಗಟ್ಟುವ ಚಳಿ. ಎದುರು ತಂಡದ ರಾಸ್ಕೊ ಡಿಲ್ ಎಂಬುವನು ಚೆಂಡಿನ ಮೇಲೆ ಕಣ್ಣಿಟ್ಟು ಓಡುತ್ತಿದ್ದ. ಡೆಲ್ವಿನ್ ಪಕ್ಕದಿಂದ ನುಗ್ಗಿ ಹೆಗಲನ್ನು ಅವನ ಗಲ್ಲಕ್ಕೆ ಕೊಟ್ಟ. ಕಟ್ ಎಂದು ದವಡೆ ಮುರಿದ ಸದ್ದು ಶಿರಸ್ತ್ರಾಣದೊಳಗೂ ಕೇಳಿಸಿತು. ಡಿಲ್ ಕೊರಡಿನ ಹಾಗೆ ಹಿಂದಕ್ಕೆ ಬಿದ್ದ, ಎರಡೂ ಕೈ ಮೇಲಕ್ಕೆ ಸೆಟೆದು ನಿಂತಿದ್ದವು. ಅರವತ್ತು ಸಾವಿರ ಜನ ಎದ್ದು ನಿಂತು ಕೇಕೆ ಹಾಕಿದರು. ಥೂ, ಎಂಥಾ ಜನ್ಮ ನಮ್ಮದು! ನಾನೂ ಟಿ.ವಿ. ಮುಂದೆ ಕೇಕೆ ಹಾಕಿದವನೇ. ಡೆಲ್ವಿನ್ ಕೂಡ ಮುಷ್ಟಿ ಎತ್ತಿದ, ತಿರುಗಿದ, ನೆಟ್ಟಗೆ ಎದುರು ತಂಡದ ಬೆಂಚಿಗೆ ಹೋಗಿ ಕುಳಿತ.

ಅವನ ತಂಡದವನೊಬ್ಬ ಓಡಿಬಂದು ಅಂಗಿ ಹಿಡಿದು ಎಳೆದೊಯ್ದ. ಅಂಗಳದ ಬದಿಯ ವೈದ್ಯರ ಗುಡಾರದಲ್ಲಿ ಕೂರಿಸಿ ಪರೀಕ್ಷೆ ಕೊಟ್ಟರು. ನಲವತ್ತು. ಏನೂ ಇಳಿದಿಲ್ಲ. ಹತ್ತು ನಿಮಿಷದಲ್ಲಿ ಮತ್ತೆ ಅಂಗಳದಲ್ಲಿದ್ದ. ಆ ಪಂದ್ಯ ಹೇಗೆ ಮುಗಿಯಿತೆಂದು ಅವನಿಗೆ ತಿಳಿದದ್ದು ಮಾರನೆಯ ದಿನ ಟಿ.ವಿ.ಯಲ್ಲಿ ನೋಡಿ. "ನಾನೇ ಗೆಲ್ಸಿದ್ದೀನಿ ಕಣೇ, ನಂಗೇ ಗೊತ್ತಿಲ್ಲ!" ಎಂದು ಓಡೆಟ್‌ಗೆ ಫೋನ್ ಮಾಡಿ ನಕ್ಕ. ಆ ಸಲ ಅವಳು ನಗಲಿಲ್ಲ.

ಓಡೆಟ್ ಶಾಲೆಯ ಬಸ್ಸು ಓಡಿಸುವವಳು. ಐವತ್ತು ಮಕ್ಕಳನ್ನು ಕನ್ನಡಿಯಲ್ಲಿ ನೋಡಿಯೇ ಅಂಕೆಯಲ್ಲಿಡುವ ಹೆಂಗಸು. ಗಂಡನ ತಂಡ ಬದಲಾದರೂ ಅವಳು ಒಪೆಲೂಸಾ ಬಿಡಲಿಲ್ಲ. "ನೀನು ಊರೂರು ಸುತ್ತು. ಯಾರಾದ್ರೂ ಒಬ್ರು ಒಂದು ಕಡೆ ಇರ್ಬೇಕಲ್ಲ, ನಿಂಗೆ ವಾಪಸ್ ಬರೋಕೆ ದಾರಿ ಗೊತ್ತಾಗೋಕೆ," ಎನ್ನುತ್ತಿದ್ದಳು.

ಕಳೆದ ವಸಂತದಲ್ಲಿ ಎಂಟನೇ ತಂಡ ಹೊರಗೆ ಹಾಕಿ ಡೆಲ್ವಿನ್ ಮನೆಯಲ್ಲಿದ್ದ. ವಯಸ್ಸು ಮೂವತ್ಮೂರು. ಈಸ್ಟರ್ ಹಬ್ಬಕ್ಕೆ ಮುಂಚಿನ ಶುಕ್ರವಾರ, ಮಾಂಸ ಬಿಡುವ ದಿನ, ಊರಿಗೆ ಊರೇ ಸಿಗಡಿ ಬೇಯಿಸುವ ಅಂಗಡಿಯ ಮುಂದೆ ಸೇರಿತ್ತು. ಗಂಡ ಹೆಂಡತಿ ಬಿಸಿ ಸಿಗಡಿಯ ಬುಟ್ಟಿ ಹಿಡಿದು ಗಾಡಿಯ ಕಡೆ ಬರುತ್ತಿದ್ದರು. ಚಿಕ್ಕಂದಿನಿಂದ ಜೊತೆಗೆ ಆಡಿ ಬೆಳೆದ ಅಲ್ಸೀಡ್ ಗಿಲ್ಲೊರಿ ಹಿಂದಿನಿಂದ ಬಂದು "ಏ ಪ್ರುಡೊಮ್!" ಎಂದು ಬೆನ್ನಿಗೆ ಒಂದು ಕೊಟ್ಟ.

ಡೆಲ್ವಿನ್ ತಿರುಗಿದ, ಬಗ್ಗಿದ, ನುಗ್ಗಿದ. ಹೆಗಲು ಅಲ್ಸೀಡ್‌ನ ಪಕ್ಕೆಗೆ ಹೊಕ್ಕಿತು. ಅವನನ್ನು ನೆಲದಿಂದ ಎತ್ತಿ ಐದು ಹೆಜ್ಜೆ ಹೊತ್ತೊಯ್ದು ಒಂದು ಟ್ರಕ್ಕಿನ ಬಾಗಿಲಿಗೆ ಅಪ್ಪಳಿಸಿದ. ಬಾಗಿಲು ಒಳಕ್ಕೆ ತಗ್ಗಾಯಿತು. ಅಲ್ಸೀಡ್‌ನ ಹೆಗಲು ಕೀಲಿನಿಂದ ಕಳಚಿತು, ಮುಂದಿನ ಹಲ್ಲೆರಡು ನೆಲಕ್ಕೆ ಬಿದ್ದವು. ಅಷ್ಟಕ್ಕೆ ನಿಲ್ಲಲಿಲ್ಲ ನೋಡಿ. ಸೀಟಿ ಊದುವ ತನಕ ಕಾಲು ನಿಲ್ಲಿಸಬಾರದು ಎಂದು ಹನ್ನೊಂದು ವರ್ಷ ಕಲಿಸಿದ್ದರು. ಅಲ್ಲಿ ಸೀಟಿ ಊದುವವರು ಯಾರು? ಬಾಗಿಲಿಗೆ ಒತ್ತಿಹಿಡಿದು ಒದ್ದಾಡುವ ಅಲ್ಸೀಡ್‌ನನ್ನು ಮತ್ತೂ ಒತ್ತುತ್ತಿದ್ದ, ಕಾಲಡಿಯಲ್ಲಿ ಕೆಂಪು ಸಿಗಡಿಗಳು ಪಚಪಚ ಜಜ್ಜಿಹೋಗುತ್ತಿದ್ದವು. ಓಡೆಟ್ ಅವನ ಕೂದಲು ಹಿಡಿದು ಎಳೆದು, ಬೆನ್ನಿಗೆ ಮುಷ್ಟಿಯಿಂದ ಗುದ್ದಿ, ಗಂಟಲು ಹರಿಯುವಂತೆ ಹೆಸರು ಕೂಗಿದ ಮೇಲೆ ಬಿಟ್ಟ.

ಅಲ್ಸೀಡ್ ಒಳ್ಳೆಯವನು. ಆಸ್ಪತ್ರೆಯಲ್ಲಿ ಹಲ್ಲಿಲ್ಲದ ಬಾಯಿಂದ, "ಹೋಗ್ಲಿ ಬಿಡೋ. ನಿನ್ ಗುದ್ದು ತಿನ್ನೋಕೆ ಜನ ದುಡ್ಡು ತಗೋತಾರೆ, ನಂಗೆ ಪುಕ್ಕಟೆ ಸಿಕ್ತು," ಎಂದ. ಡೆಲ್ವಿನ್ ಅವನ ಕೈ ಹಿಡಿದು ಅತ್ತ.

ಮನೆಗೆ ಬಂದ ಮೇಲೆ ಓಡೆಟ್ ಕೇಳಿದ್ದು ಒಂದೇ ಪ್ರಶ್ನೆ. "ಅದು ಅಲ್ಸೀಡ್ ಅಂತ ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಯಾವಾಗ?"

"ನೀನು ಕೂದಲು ಎಳೆದ ಮೇಲೆ," ಎಂದ.

ಜುಲೈನಲ್ಲಿ ಒಂಬತ್ತನೇ ತಂಡದ ಫೋನ್ ಬಂತು. ಟೆಕ್ಸಸ್‌ನ ತಂಡ, ಮನೆಯಿಂದ ನಾಲ್ಕು ತಾಸಿನ ದಾರಿ. ಡೆಲ್ವಿನ್ ಚೀಲ ತುಂಬತೊಡಗಿದ. ಓಡೆಟ್ ಚೀಲದ ಮೇಲೆ ಕೂತುಬಿಟ್ಟಳು.

"ಒಂದು ಮಾತು ಕೊಡು. ಈ ಸಲ ಪರೀಕ್ಷೆ ಕೆಡಿಸ್ಬೇಡ. ನೆಟ್ಟಗೆ ಬರಿ. ಒಳ್ಳೇ ಅಂಕ ಬಂದ್ರೆ ನಾನು ಇನ್ನೊಂದು ಮಾತಾಡಲ್ಲ, ನಿನ್ನ ಅಂಗಿ ಹಾಕ್ಕೊಂಡು ಬಂದು ಕೂತು ಕೂಗ್ತೀನಿ. ತಲೆ ಹೋಗಿದೆ ಅಂತಾದ್ರೆ ಅವತ್ತೇ ಮನೆಗೆ ಬರ್ಬೇಕು. ಉಳಿದಿರೋದಾದ್ರೂ ನಂಗಿರ್ಲಿ."

"ಒಳ್ಳೇ ಅಂಕ ಬಂದ್ರೇನು ಗತಿ ಗೊತ್ತಾ? ಏಕ್‌ದಂ ತೊಂಬತ್ತು ಬರುತ್ತೆ. ಇಷ್ಟು ವರ್ಷ ಕಳ್ಳಾಟ ಆಡಿದ್ದು ಸಿಕ್ಕಿಬೀಳುತ್ತೆ ಕಣೇ."

"ಸಿಕ್ಕಿಬಿದ್ರೆ ಬೀಳು. ತೊಂಬತ್ತು ಬಂದು ಸಿಕ್ಕಿಬಿದ್ದವನ ಹೆಂಡತಿ ಅಂತ ಹೇಳ್ಕೊಂಡು ಓಡಾಡ್ತೀನಿ. ಮಾತು ಕೊಡ್ತೀಯೋ, ಇಲ್ವೋ?"

ಅವನು ಅಮ್ಮನ ಮೇಲೆ ಆಣೆ ಇಟ್ಟು ಕೊಟ್ಟ.

ಶಿಬಿರದ ಮೊದಲ ವಾರದಲ್ಲೇ ಅದೃಷ್ಟ ಖುಲಾಯಿಸಿತು. ಮೊದಲನೆಯ ಟೈಟ್ ಎಂಡ್‌ನ ಮಂಡಿ ಅಭ್ಯಾಸದಲ್ಲಿ ಹರಿದುಹೋಯಿತು. ಇನ್ನೊಬ್ಬನ ಮಂಡಿ ಹರಿದದ್ದನ್ನು ಅದೃಷ್ಟ ಅನ್ನಬೇಕಾದ ಕಸುಬು ಅದು, ಏನು ಮಾಡುವುದು? ಕೋಚ್ ಬ್ರಾಂಡ್‌ವೋಲ್ಡ್ ತಿಂಡಿಯ ಹೊತ್ತಿಗೆ ಬಂದು ಡೆಲ್ವಿನ್‌ನ ತಲೆಯ ಮೇಲೆ ತಟ್ಟಿ, "ಪ್ರುಡೊಮ್, ಇವತ್ತಿಂದ ಮೊದಲನೇ ಜಾಗ ನಿಂದು. ಕೆಡಿಸ್ಕೋಬೇಡ," ಎಂದು ಹೇಳಿಹೋದ. ಹನ್ನೊಂದು ವರ್ಷದಲ್ಲಿ ಯಾರೂ ಹೇಳದ ಮಾತು.

ತಲೆ ಪರೀಕ್ಷೆಯೂ ಅವತ್ತೇ. ತೆರೆಯ ಮೇಲೆ ಪದಗಳು ಬಂದವು, ಆಕಾರಗಳು ಬಂದವು. ಯಾವುದು ಮೊದಲೇ ನೋಡಿದ್ದು, ಯಾವುದು ಹೊಸದು ಎಂದು ಒತ್ತಬೇಕು. ಡೆಲ್ವಿನ್ ಬೆವರಿಳಿಯುವಂತೆ ಮನಸ್ಸಿಟ್ಟು ಒತ್ತಿದ. ಎಲ್ಲ ಸುಲಭವಾಗಿತ್ತು. ಒಂದೂ ತಪ್ಪಿಲ್ಲ ಎನಿಸಿತು. ಹೊರಗೆ ಬೆಂಚಿನ ಮೇಲೆ ಕೂತು, ತೊಂಬತ್ತು ಹೇಗೆ ಬಂತು ಎಂದು ಕೇಳಿದರೆ ಏನು ಸುಳ್ಳು ಹೇಳಲಿ ಎಂದು ಲೆಕ್ಕ ಹಾಕಿದ. ಈಚೆಗೆ ಮೀನು ಜಾಸ್ತಿ ತಿಂತಿದ್ದೀನಿ ಅಂದುಬಿಡುವುದು ಎಂದುಕೊಂಡ.

ವೈದ್ಯೆ ವೆಸ್ಟರ್‌ಗಾರ್ಡ್ ಬಾಗಿಲು ತೆರೆದು ನಗುತ್ತ ಬಂದಳು.

"ಮಿಸ್ಟರ್ ಪ್ರುಡೊಮ್, ನಿಮ್ಮಂಥವರನ್ನ ನಾನು ನೋಡೇ ಇಲ್ಲ. ನಲವತ್ತು! ಹನ್ನೊಂದು ವರ್ಷದ್ದೂ ನನ್ನ ಮುಂದಿದೆ, ಗೆರೆ ಎಳೆದ ಹಾಗಿದೆ. ಇಷ್ಟು ವರ್ಷ ಈ ಜಾಗದಲ್ಲಿ ಆಡಿ ಒಂಚೂರೂ ಕಡಿಮೆ ಆಗಿಲ್ಲ ಅಂದ್ರೆ ಪವಾಡ ಇದು."

ಡೆಲ್ವಿನ್ ಬೆಂಚಿನಿಂದ ಎದ್ದ. "ಇನ್ನೊಂದ್ಸಲ ಬರೀಲಾ, ಡಾಕ್ಟ್ರೇ? ಮಷೀನು ಸರಿ ಇದೆಯಾ?"

"ಮಷೀನಿಗೇನೂ ಆಗಿಲ್ಲ. ನಿಮಗೂ ಏನೂ ಆಗಿಲ್ಲ. ಹೋಗಿ, ಆಡಿ," ಎಂದು ಸಹಿ ಹಾಕಿದಳು.

ಯಾರ ಹತ್ತಿರ ಹೇಳಿಕೊಳ್ಳುವುದು? ಹನ್ನೊಂದು ವರ್ಷ ಒಂದೊಂದು ಇಟ್ಟಿಗೆಯಾಗಿ ತಾನೇ ಕಟ್ಟಿದ ಸುಳ್ಳು ಈಗ ನಿಜವಾಗಿ ಕೂತಿತ್ತು. ಭಯ ಒದ್ದುಕೊಂಡು ಬಂತು, ಅದರ ಹಿಂದೆಯೇ ಸಿಟ್ಟು. ಆದರೂ ಅಂಗಳದಲ್ಲಿ ಮೊದಲನೇ ಜಾಗ ಕಾಯುತ್ತಿತ್ತು. ಓಡೆಟ್‌ಗೆ ಎಪ್ಪತ್ತು ಅಂದುಬಿಡುತ್ತೇನೆ, ಇದೊಂದು ವರ್ಷ, ಇದೊಂದೇ ವರ್ಷ ಎಂದು ಹಲ್ಲು ಕಚ್ಚಿ ಶಿರಸ್ತ್ರಾಣ ತೊಟ್ಟ.

ಅವತ್ತಿನ ಅಭ್ಯಾಸದಲ್ಲಿ, ತಂಡವೇ ಎರಡು ಪಾಲಾಗಿ ನಿಂತಾಗ, ಅವನು ಆಡಿದ್ದು ಆಟವಲ್ಲ. ಎದುರು ನಿಂತವನನ್ನು ಮೊದಲ ಸಲ ಅಂಗಾತ ಕೆಡವಿದ. ಎರಡನೇ ಸಲ ಗಂಟಲಿಗೆ ಮುಂಗೈ ಕೊಟ್ಟು ಬೇಲಿಯ ತನಕ ತಳ್ಳಿದ. ಮೂರನೇ ಸಲ ಅವನ ಮೂಗಿಂದ ರಕ್ತ ಬಂತು. ಕೋಚ್ ಕುಣಿದಾಡಿದ. "ನೋಡ್ರೋ! ಮುದುಕನ್ನ ನೋಡಿ ಕಲೀರೋ!"

ನಾಲ್ಕನೆಯದಕ್ಕೆ "ಮೂವತ್ತಾರು" ಎಂದು ಕೂಗಿದರು. ಚೆಂಡು ಹಿಡಿದು ಓಡಬೇಕಾದವನು ಕ್ವಿಂಟನ್ ಬ್ಲೆವಿನ್ಸ್. ಇಪ್ಪತ್ತೆರಡು ವರ್ಷದ ಚುರುಕು ಆಸಾಮಿ, ವಾರದಿಂದ ಡೆಲ್ವಿನ್ ಪಕ್ಕದಲ್ಲೇ ತಿಂಡಿ ತಿನ್ನುತ್ತಿದ್ದವನು. ಅವನಿಗೆ ದಾರಿ ಮಾಡಿಕೊಡಬೇಕಾದವನು ಡೆಲ್ವಿನ್. ಸಮ ಸಂಖ್ಯೆ ಅಂದರೆ ಬಲಕ್ಕೆ. ಡೆಲ್ವಿನ್ ಬಲಕ್ಕೆ ನುಗ್ಗಿದ. ಕಿಂಡಿಯಲ್ಲಿ ಯಾರೋ ಕಂಡರು, ತಲೆ ತಗ್ಗಿಸಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಗಲ್ಲದ ಕೆಳಗೆ ಗುದ್ದಿದ.

ನೆಲದ ಮೇಲೆ ಬಿದ್ದಿದ್ದವನು ಕ್ವಿಂಟನ್. ಕಾಲುಗಳು ಅದರುತ್ತಿದ್ದವು, ಕಚ್ಚಿಕೊಂಡ ನಾಲಿಗೆಯಿಂದ ರಕ್ತ ಕೆನ್ನೆಗೆ ಇಳಿಯುತ್ತಿತ್ತು.

ಕೋಚ್ ಓಡಿಬಂದ. "ನಿನ್ನ ಕಡೆಯವನನ್ನೇ ಕೆಡವಿದ್ಯಲ್ಲೋ! ಎಲ್ಲಿ ಹೋಗ್ತಿದ್ದೆ?"

"ಮೂವತ್ತಾರು. ಸಮ. ಬಲಕ್ಕೆ."

"ಇಲ್ಲಿ ಸಮ ಎಡಕ್ಕೆ ಕಣೋ! ನಿನ್ನೆಯೆಲ್ಲ ಸರಿಯಾಗೇ ಮಾಡಿದ್ಯಲ್ಲ, ಪಕ್ಕದವರಿಗೂ ನೀನೇ ಹೇಳ್ಕೊಡ್ತಿದ್ದೆ!"

ಡೆಲ್ವಿನ್ ನಿನ್ನೆಯನ್ನು ನೆನೆಯಲು ನೋಡಿದ. ಬಿಸಿಲು ನೆನಪಾಯಿತು. ಬೇರೇನೂ ಬರಲಿಲ್ಲ.

ಅವನು ಕ್ವಿಂಟನ್ ಪಕ್ಕ ಮಂಡಿಯೂರಿದ. ವೈದ್ಯೆ ವೆಸ್ಟರ್‌ಗಾರ್ಡ್ ಆಗಲೇ ಬಂದು ಕತ್ತನ್ನು ಹಿಡಿದಿದ್ದಳು. ಕ್ವಿಂಟನ್ ಕಣ್ಣು ಬಿಟ್ಟ. "ಚೆಂಡು ಬಿಟ್ನಾ?" ಎಂದ. ಆಮೇಲೆ ಡೆಲ್ವಿನ್‌ನ ಗುರುತು ಹತ್ತಿ, ರಕ್ತದ ಬಾಯಲ್ಲೇ ನಕ್ಕು ಪಿಸುಗುಟ್ಟಿದ. "ಭಯ ಬೀಳ್ಬೇಡಣ್ಣ. ನೀನು ಹೇಳ್ಕೊಟ್ಟ ಹಾಗೇ ಬೆಳಿಗ್ಗೆ ಪರೀಕ್ಷೆ ಕೆಡಿಸಿಟ್ಟಿದ್ದೀನಿ. ನಾಳೆ ಇಲ್ಲೇ ಇರ್ತೀನಿ."

ಹೇಳಿಕೊಟ್ಟದ್ದು ಡೆಲ್ವಿನ್‌ಗೆ ನೆನಪಿರಲಿಲ್ಲ. ಆದರೆ ಹೇಳಿಕೊಟ್ಟಿರುತ್ತಾನೆ, ಅದರಲ್ಲಿ ಅನುಮಾನವಿರಲಿಲ್ಲ.

"ಡಾಕ್ಟ್ರೇ, ಇವನ ಅಂಕ ಸುಳ್ಳು," ಎಂದ, ಎಲ್ಲರಿಗೂ ಕೇಳುವಂತೆ. "ಬೇಕಂತ ಕೆಡಿಸಿದ್ದಾನೆ, ನಾನೇ ಕಲಿಸಿದ್ದು. ಅದನ್ನ ನಂಬಿ ಇವನನ್ನ ಆಟಕ್ಕೆ ಬಿಡ್ಬೇಡಿ. ನನ್ನ ಹನ್ನೊಂದು ವರ್ಷದ್ದೂ ಸುಳ್ಳೇ. ಇವತ್ತಿನದು ಮಾತ್ರ ನಿಜ."

ವೈದ್ಯೆಯ ಮುಖದಲ್ಲಿ ಬಣ್ಣ ಇಳಿಯಿತು. ಕ್ವಿಂಟನ್ ಮಲಗಿದಲ್ಲಿಂದಲೇ, "ದ್ರೋಹಿ! ನನ್ನ ಅನ್ನಕ್ಕೆ ಮಣ್ಣು ಹಾಕ್ದೆಯಲ್ಲೋ!" ಎಂದು ಕಿರುಚಿದ. ಕೋಚ್ ಬೇರೆ ಕಡೆ ನೋಡಿದ. ಡೆಲ್ವಿನ್ ಎದ್ದು, ಯಾರನ್ನೂ ಕೇಳದೆ ಅಂಗಳದಿಂದ ಹೊರಗೆ ನಡೆದ. ಗಾಡಿ ನಿಲ್ಲಿಸುವ ಜಾಗದಲ್ಲಿ ಕಟ್ಟೆಯ ಮೇಲೆ ಕೂತು ಮನೆಗೆ ಫೋನ್ ಮಾಡಿದ.

"ಎಷ್ಟು ಬಂತು?" ಓಡೆಟ್ ಹಲೋ ಕೂಡ ಅನ್ನಲಿಲ್ಲ.

"ನಲವತ್ತು."

"ಮತ್ತೆ ಕೆಡಿಸಿದ್ಯಾ! ಮಾತು ಕೊಟ್ಟು ಹೋಗಿದ್ದೆ ಕಣೋ, ಸುಳ್ಳುಬುರುಕ! ನನ್ನ ಮುಂದೆ ನಿಂತು, ನಿನ್ನಮ್ಮನ ಮೇಲೆ ಆಣೆ ಇಟ್ಟು ಹೋಗಿದ್ದೆ! ನಾಚಿಕೆ ಆಗಲ್ವಾ ನಿಂಗೆ?"

"ಕೆಡಿಸಿಲ್ಲ, ಓಡೆಟ್."

ಅವಳು ಇನ್ನೂ ಬೈಯುತ್ತಿದ್ದಳು. ಬೈಯುತ್ತ ಬೈಯುತ್ತ ನಡುವೆಯೇ ಮಾತು ನಿಂತಿತು.

"ಕೆಡಿಸಿದೆ ಅಂತ ಹೇಳು, ಡೆಲ್," ಎಂದಳು ಕೊನೆಗೆ, ಇಷ್ಟೇ ಇಷ್ಟು ದನಿಯಲ್ಲಿ. "ಹೇಳೋ. ನಾನು ಬೈಯಲ್ಲ."